ಹತ್ತಿ ಬುಟ್ಟಿಯ ಕೋಳಿ

ನಗಬಾರದ ಕಡೆ ನಗು ಬರುವುದು ನನ್ನ ದೊಡ್ಡ ಕಾಯಿಲೆ. ಸಾವಿನ ಮನೆಯಲ್ಲಿ ಬಂದಿದೆ, ಮಠದಲ್ಲಿ ಆಶೀರ್ವಚನ ನಡೆಯುವಾಗ ಬಂದಿದೆ, ನನ್ನದೇ ಮದುವೆಯಲ್ಲಿ ನಮ್ಮ ಮನೆಯವರ ಬಾಸಿಂಗ ಜಾರಿ ಮೂಗಿನ ಮೇಲೆ ಕೂತಾಗಲೂ ಬಂದಿದೆ. ಆದರೆ ನನ್ನ ನಾದಿನಿಯನ್ನು ನೋಡಲು ಗಂಡಿನವರು ಬಂದ ದಿನ ಬಂದ ನಗು ಇದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಕೈಯಲ್ಲಿರುವ ಪಾತ್ರೆಯನ್ನು ಕೆಳಗಿಡಬೇಕಾಗುತ್ತದೆ.

ನಮ್ಮ ಹೊಲ ಇರುವುದು ಹೊಳಲ್ಕೆರೆ ತಾಲ್ಲೂಕಿನಲ್ಲಿ, ಬಿ.ದುರ್ಗದಿಂದ ಒಂದಿಷ್ಟು ಒಳಗೆ. ದೊಡ್ಡದೇನಲ್ಲ, ಮನೆಯೂ ಅದರೊಳಗೇ. ಈ ಬದುವಿನಲ್ಲಿ ನಿಂತು ಕೂಗಿದರೆ ಆ ಬದುವಿನಲ್ಲಿರುವ ನಮ್ಮ ಮನೆಯವರಿಗೆ ಕೇಳಿಸುತ್ತದೆ. ಅವರು ಕೇಳಿಸದವರ ಹಾಗೆ ಇರುತ್ತಾರೆ, ಅದು ಬೇರೆ ಮಾತು. ರಾಗಿ, ತೊಗರಿ, ಅವರೆ, ಒಂದು ಮೂಲೆಯಲ್ಲಿ ಮೆಕ್ಕೆಜೋಳ, ಬೋರ್‌ವೆಲ್ ಮನಸ್ಸು ಮಾಡಿದಷ್ಟು ತರಕಾರಿ, ಬದುವಿನ ಉದ್ದಕ್ಕೂ ಹೊಂಗೆ, ಬೇವು, ನಾಲ್ಕಾರು ತೆಂಗು. ಎರಡು ಹಸು, ಅವುಗಳ ಕರು, ಒಂದು ಗುಂಪು ಆಡು. ಯಾವುದನ್ನೂ ಕಟ್ಟಿ ಸಾಕುವ ಪದ್ಧತಿ ನಮ್ಮಲ್ಲಿಲ್ಲ. ಬೇಲಿ ಹಾಕಿರುವುದು ಹೊಲದ ಗಡಿಗೆ, ಒಳಗೆ ಬೆಳೆಯ ಸುತ್ತ. ಉಳಿದ ಜಾಗವೆಲ್ಲ ಅವುಗಳದ್ದೇ ರಾಜ್ಯ. ಆಡುಗಳಂತೂ ಆ ರಾಜ್ಯದಲ್ಲಿ ನಮ್ಮನ್ನೂ ಪ್ರಜೆಗಳೆಂದೇ ತಿಳಿದಿವೆ.

ಮನೆಯಲ್ಲಿ ಇದ್ದವರು ನಾವು ನಾಲ್ಕೇ ಜನ. ಮಾವ ತೀರಿಕೊಂಡು ವರ್ಷಗಳಾಗಿವೆ. ಅತ್ತೆ, ನಮ್ಮ ಮನೆಯವರು, ನಾನು, ನನ್ನ ನಾದಿನಿ. ನಾದಿನಿ ಸಿರಿಗೆರೆಗೆ ಬಸ್ಸಿನಲ್ಲಿ ಹೋಗಿಬಂದು ಓದಿದವಳು. ಓದು ಮುಗಿದ ಮರುದಿನವೇ ಚಪ್ಪಲಿ ಕಳಚಿಟ್ಟು ಹೊಲಕ್ಕೆ ಇಳಿದವಳು ಮತ್ತೆ ಚಪ್ಪಲಿ ಹಾಕಿದ್ದನ್ನು ನಾನು ಕಂಡಿದ್ದು ಕಡಿಮೆ. ನಾನು ಜವನಗೊಂಡನಹಳ್ಳಿ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ಲಂಗ ಉಡುತ್ತಿದ್ದಳು. ನನ್ನ ಹೆರಳು ಹಿಡಿದುಕೊಂಡೇ ಹಿಂದೆ ಹಿಂದೆ ತಿರುಗಿದ ಹುಡುಗಿ. ನಾದಿನಿ ಅನ್ನುವುದಕ್ಕಿಂತ ಗೆಳತಿ ಅಂದರೆ ಸರಿ.

ಕೋಳಿಯ ವಿಚಾರ ತೆಗೆದವಳು ಅವಳೇ. ಒಂದು ಬೇಸಿಗೆಯಲ್ಲಿ ಹಸುಗಳ ಮೈತುಂಬ ಉಣ್ಣಿ ಹತ್ತಿತ್ತು. ಕಿವಿಯ ಸಂದಿ, ಕೆಚ್ಚಲ ಬುಡ, ಎಲ್ಲಿ ನೋಡಿದರೂ ಉಣ್ಣಿ. ಔಷಧಿ ಹೊಡೆದರೆ ಹಾಲಿಗೂ ಬರುತ್ತದೆ ಅನ್ನುವ ಯೋಚನೆ. ನಮ್ಮ ಬದುವಿಗೆ ಅಂಟಿಕೊಂಡೇ ಕುರಿ ಸಾಕುವವರ ಹಟ್ಟಿಯಿದೆ. ಅಲ್ಲಿ ಕುರಿಗಳು ಮಲಗಿದ್ದರೆ ಕೋಳಿಗಳು ಅವುಗಳ ಬೆನ್ನ ಮೇಲೆ ಓಡಾಡುತ್ತ ಉಣ್ಣಿ ಹೆಕ್ಕಿ ತಿನ್ನುವುದನ್ನು ನೋಡಿಬಂದ ನಾದಿನಿ ಅವತ್ತಿಡೀ ಅದನ್ನೇ ಹೇಳಿದಳು. ಊಟಕ್ಕೆ ಕೂತಾಗ ಹೇಳಿದಳು, ಪಾತ್ರೆ ತೊಳೆಯುವಾಗ ಹೇಳಿದಳು.

ನಮ್ಮದು ಲಿಂಗ ಕಟ್ಟಿದ ಮನೆ. ಬೆಳಿಗ್ಗೆ ವಿಭೂತಿ ಹಚ್ಚದೆ ನೀರು ಕುಡಿಯದವರು ನಮ್ಮ ಅತ್ತೆ. ಅವರ ಮುಂದೆ ಕೋಳಿ ಅನ್ನುವ ಮಾತನ್ನು ಆಡುವುದೂ ಕಷ್ಟವಿತ್ತು. ಅವರೇ ಹೇಳಬೇಕಾಗಿ ಬಂದರೆ “ಆ ಪಕ್ಷಿ” ಅನ್ನುತ್ತಿದ್ದರು.

“ಶಿವಪೂಜೆ ಮಾಡೋ ಮನ್ಯಾಗೆ ಆ ಪಕ್ಷಿ ಸಾಕ್ತಾರೇನೇ? ಮಂದಿ ಏನಂದಾರು? ನಾಳೆ ನಿನ್ನ ನೋಡಾಕೆ ಯಾರು ಬರ್ತಾರೆ?”

“ತಿನ್ನಾಕಲ್ಲವ್ವ, ಉಣ್ಣಿ ಹೆಕ್ಕಾಕೆ. ನೀನೇ ನೋಡು, ಹಸು ಹೆಂಗ್ ಒದ್ದಾಡ್ತೈತೆ.”

ಹಸುವಿನ ಮಾತು ಬಂದರೆ ಅತ್ತೆ ಕರಗುತ್ತಾರೆ. ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದು, ಕೊನೆಗೆ ಒಂದು ಕರಾರು ಹಾಕಿ ಒಪ್ಪಿದರು. ಆ ಪಕ್ಷಿಗಳು ಹಿತ್ತಿಲ ಬೇವಿನ ಮರದಿಂದ ಈಚೆಗೆ ಬರಕೂಡದು. ಅವುಗಳಿಂದಾಗಿ ಹುಡುಗಿಯ ಮದುವೆಗೆ ಒಂದು ಮಾತು ಬಂದರೂ ಅವತ್ತೇ ಅಷ್ಟನ್ನೂ ಸಂತೆಗೆ ಸಾಗಿಸಬೇಕು. ನಾದಿನಿ ತಲೆಯಾಡಿಸಿದಳು. ಮದುವೆಯ ಮಾತು ಆಗ ದೂರವಿತ್ತು, ಕೋಳಿ ಹತ್ತಿರವಿತ್ತು.

ಹಟ್ಟಿಯ ಹೆಂಗಸೊಬ್ಬಳು ಒಂದು ಹುಂಜ, ಐದಾರು ಹೇಂಟೆ ಕೊಟ್ಟಳು. ನಾದಿನಿ, ನಾನು ಅವನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಳ್ಳರ ಹಾಗೆ ಬದುವಿನ ಮೇಲೆ ಓಡಿಬಂದು, ಹಿತ್ತಿಲಲ್ಲಿ ಬಿಟ್ಟೆವು. ಬಿಟ್ಟು ಸಾಕುವ ಮನೆಯವರಲ್ಲವೇ ನಾವು, ಬಂದ ಕೂಡಲೇ ಸ್ವಾತಂತ್ರ್ಯ ಕೊಟ್ಟೆವು. ಮಧ್ಯಾಹ್ನವೆಲ್ಲ ಕೆದಕಿಕೊಂಡು ತಿಂದವು. ಬಿಸಿಲು ಇಳಿದದ್ದೇ ತಡ, ಹುಂಜ ಮುಂದೆ, ಹೇಂಟೆಗಳು ಹಿಂದೆ, ಸಾಲಾಗಿ ಬದು ಹತ್ತಿ ಹಟ್ಟಿಗೆ ಹೊರಟುಹೋದವು. ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನಿಂತಿದ್ದೆವು. ಮರುದಿನ ಹಿಡಿದು ತಂದೆವು, ಸಂಜೆಗೆ ಮತ್ತೆ ಹೋದವು. ಮೂರನೆಯ ಸಲ ನಾವು ಹಿಡಿದು ತರಲು ಹೋದಾಗ ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ ನಮ್ಮವ್ವಗಳಿರಾ, ತಂದ ತಕ್ಷಣ ಯಾರಾರ ಬಿಡ್ತಾರೇನ್ರಿ? ನಾಕು ದಿನ ಮಂಕ್ರಿ ಕೆಳಗೆ ಮುಚ್ಚಿಡ್ರಿ. ಅಲ್ಲೇ ಕಾಳು, ಅಲ್ಲೇ ನೀರು. ಮನೆ ಗುರ್ತು ಆಗ್ಲಿ. ಆಮ್ಯಾಲೆ ಓಡ್ಸಿದ್ರೂ ಹೋಗಲ್ಲ.”

ಕೋಳಿ ಸಾಕಿದ ಯಾವ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ನಮಗೆ ಯಾರು ಹೇಳಿಕೊಡಬೇಕು? ದನ ಹಿಡಿದ ಕೈಗೆ ಕೋಳಿ ಹೊಸದು. ಸಗಣಿ ಹೊರುವ ದೊಡ್ಡ ಬಿದಿರಿನ ಮಂಕರಿಗಳನ್ನು ಬೋರಲು ಹಾಕಿ ಮುಚ್ಚಿಟ್ಟೆವು. ಅತ್ತೆ ದೂರದಲ್ಲಿ ನಿಂತು, ನೋಡದವರಂತೆ ಎಲ್ಲವನ್ನೂ ನೋಡಿದರು. ನಾಲ್ಕು ದಿನ ಕಳೆದು ಮಂಕರಿ ಎತ್ತಿದೆವು. ಸಂಜೆಯಾಯಿತು. ಹುಂಜ ಒಮ್ಮೆ ಹಟ್ಟಿಯ ಕಡೆ ಕತ್ತು ತಿರುಗಿಸಿ, ಏನೋ ಯೋಚಿಸಿ, ಪಟಪಟ ರೆಕ್ಕೆ ಬಡಿದು ನಮ್ಮ ಬೇವಿನ ಮರ ಹತ್ತಿತು. ನಾದಿನಿ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟಳು. ನಾನೇನು ಸಣ್ಣ ಹೆಂಗಸಲ್ಲ.

ಆಮೇಲಿನದ್ದು ಸುಗ್ಗಿ. ಉಣ್ಣಿ ಹೋಯಿತು. ಹಳೆಯ ಮಡಕೆಗೆ ಸಗಣಿ, ಹುಲ್ಲು ತುಂಬಿ ನೀರು ಚಿಮುಕಿಸಿ ಹೊಲದಲ್ಲಿ ಬೋರಲು ಹಾಕಿದರೆ ಬೆಳಗಾಗುವುದರೊಳಗೆ ಗೆದ್ದಲು ಮುತ್ತಿರುತ್ತಿತ್ತು. ಅದು ಕೋಳಿಗಳಿಗೆ ಮದುವೆ ಊಟ. ಮೊಟ್ಟೆಗಳೆಲ್ಲ ಹಟ್ಟಿಗೆ ಹೋಗುತ್ತಿದ್ದವು. ಅದಕ್ಕೆ ಬದಲಾಗಿ, ಕಟಾವಾದ ಮೇಲೆ ಹಟ್ಟಿಯವರು ತಮ್ಮ ಕುರಿ ಮಂದೆಯನ್ನು ತಂದು ನಮ್ಮ ಹೊಲದಲ್ಲಿ ರಾತ್ರಿ ನಿಲ್ಲಿಸುತ್ತಿದ್ದರು. ಕುರಿಗೊಬ್ಬರ ಬಿದ್ದ ಹೊಲದಲ್ಲಿ ರಾಗಿ ಸೊಂಟಕ್ಕೆ ಬಂತು, ಹುಲ್ಲು ಹಸುವಿಗೆ, ಸಗಣಿ ಮಡಕೆಗೆ, ಗೆದ್ದಲು ಕೋಳಿಗೆ, ಮೊಟ್ಟೆ ಮತ್ತೆ ಹಟ್ಟಿಗೆ. ಈ ಚಕ್ರ ತಿರುಗುವುದನ್ನು ನೋಡುತ್ತ ಬದುವಿನ ಮೇಲೆ ಕೂತು ನಾದಿನಿ, ನಾನು ಹಸಿ ಅವರೆಕಾಯಿ ಸುಲಿಯುತ್ತ ಎಷ್ಟು ನಕ್ಕಿದ್ದೇವೋ. ಕೆಲಸವೆಂದರೆ ಮೈ ಮುರಿಯುವಷ್ಟಿತ್ತು. ಆದರೂ ಆ ದಿನಗಳಲ್ಲಿ ನಮ್ಮ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಸಂಬಂಧಗಳು ಬರತೊಡಗಿದವು. ಮೊದಲು ಬಂದವರು, ನಮ್ಮ ಮನೆಗೆ ಬಂದ ಮೇಲೆ ಮಣ್ಣು ಮುಟ್ಟುವ ಅಗತ್ಯವಿಲ್ಲ ಅಂದರು. ದೊಡ್ಡ ಉಪಕಾರ ಮಾಡಿದ ಹಾಗೆ ಅಂದರು. ನಾದಿನಿ ಒಲ್ಲೆ ಅಂದಳು. ಆಮೇಲೆ ಬಂದವರೂ ಅದೇ ಹಾಡು. ಅತ್ತೆಗೆ ನಿದ್ದೆ ಹೋಯಿತು. ಮೂರನೆಯದಾಗಿ ಹೊಸದುರ್ಗದ ಕಡೆಯ ಹುಡುಗನ ಫೋಟೋ ಫೋನಿಗೆ ಬಂತು. ತೆಂಗಿನ ಮರದ ಕೆಳಗೆ ಒಂದು ಕರುವಿನ ಕೊರಳು ತಬ್ಬಿಕೊಂಡು ನಿಂತಿದ್ದ. ನಾದಿನಿ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದಳು.

“ಹುಡುಗ ಹೆಂಗವ್ನೆ?” ಅಂದೆ.

“ಕರು ಚೆನ್ನಾಗೈತೆ ಅತ್ತಿಗೆ,” ಅಂದಳು. ಆದರೆ ಕಿವಿ ಕೆಂಪಗಾಗಿತ್ತು.

ಆ ಸಂಜೆ ಹಾಲು ಕರೆಯುತ್ತ ತಾನಾಗಿಯೇ ಹೇಳಿದಳು, ಇದು ಆಗಬೇಕು ಅತ್ತಿಗೆ, ನಂಗೆ ಇದು ಆಗಬೇಕು ಅಂತ. ಅವಳು ತನಗಾಗಿ ಏನನ್ನೂ ಕೇಳಿದವಳಲ್ಲ. ನನಗೆ ಒಮ್ಮೆಲೇ ಭಯವಾಯಿತು. ಮಠಕ್ಕೆ ನಡೆದುಕೊಳ್ಳುವ, ಕಟ್ಟುನಿಟ್ಟಿನ ಮನೆಯವರು ಎಂದು ಮಧ್ಯಸ್ಥರು ಹೇಳಿದ್ದರು. ಕೋಳಿಯ ಸುದ್ದಿ ಅವರ ಕಿವಿಗೆ ಬಿದ್ದರೆ ಏನು ಗತಿ?

ಅತ್ತೆ ಅದಕ್ಕೆ ಉಪಾಯ ಮಾಡಿದ್ದರು. ಹೆಣ್ಣು ತೋರಿಸುವುದು ಚಿತ್ರದುರ್ಗದಲ್ಲಿ, ತಮ್ಮ ತಮ್ಮನ ಮನೆಯಲ್ಲಿ. ಅಲ್ಲಿ ಪೇಟೆಯ ಮನೆ, ಟೈಲ್ಸ್ ನೆಲ, ಒಂದು ಗುಬ್ಬಚ್ಚಿಯೂ ಇಲ್ಲ. ಎಲ್ಲ ಗೊತ್ತಾಗಿತ್ತು. ಹಿಂದಿನ ದಿನ ಸಂಜೆ ಫೋನು ಬಂತು. ಹುಡುಗನ ಅಜ್ಜಿ ಹಟ ಹಿಡಿದಿದ್ದಾರೆ, ಹೆಣ್ಣು ಬೆಳೆದ ಮನೆ, ಹೊಲ ನೋಡದೆ ಎಂಥ ಸಂಬಂಧ ಅನ್ನುತ್ತಿದ್ದಾರೆ, ನಾಳೆ ಬೆಳಿಗ್ಗೆ ನೇರವಾಗಿ ನಿಮ್ಮ ತೋಟಕ್ಕೇ ಬರುತ್ತೇವೆ ಅಂದರು. ಅತ್ತೆ ಫೋನಿಟ್ಟು ಬೇವಿನ ಮರದ ಕಡೆ ನೋಡಿದರು. ನಾವೆಲ್ಲ ನೋಡಿದೆವು. ಹುಂಜ ಮೇಲಿನ ಕೊಂಬೆಯಲ್ಲಿ ಕೂತು ಕತ್ತು ಕೊಂಕಿಸಿ ನಮ್ಮನ್ನು ನೋಡಿತು.

“ಮುಚ್ಚಿಡೋದ್ಯಾಕವ್ವ? ಇರೋದನ್ನ ಹೇಳಾಣ,” ಅಂದಳು ನಾದಿನಿ.

“ಸುಮ್ಕಿರು. ಈ ಸಂಬಂಧ ತಪ್ಪಿದ್ರೆ ಅವುಗಳನ್ನ ಸಂತೆಗೆ ಕಳ್ಸಿ ನಾನು ಮಠದ ಕಟ್ಟೆ ಮ್ಯಾಲೆ ಕುಂತ್ಕಂತೀನಿ,” ಅಂದರು ಅತ್ತೆ. ದನಿ ನಡುಗುತ್ತಿತ್ತು.

ಬೆಳಗಿನ ಜಾವ, ಕೋಳಿಗಳಿಗೆ ಇನ್ನೂ ಕಣ್ಣು ಕಾಣದ ಹೊತ್ತಿನಲ್ಲಿ, ನಮ್ಮ ಮನೆಯವರು ಏಣಿ ಹಾಕಿ ಮರ ಹತ್ತಿದರು. ಜೀವನದಲ್ಲಿ ಕೋಳಿ ಮುಟ್ಟದ ಮನುಷ್ಯ. ಎರಡು ಬೆರಳಿನಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ ಒಂದೊಂದನ್ನೇ ಹಿಡಿದು ಕೆಳಗೆ ಕೊಟ್ಟರು. ಬಣವೆಯ ಹಿಂದೆ ಮಂಕರಿಗಳ ಕೆಳಗೆ ಮುಚ್ಚಿ, ಮೇಲೆ ಕಂಬಳಿ ಹೊದಿಸಿದೆವು. ಕತ್ತಲಿದ್ದರೆ ಕೂಗುವುದಿಲ್ಲ ಎನ್ನುವುದು ನನ್ನ ಲೆಕ್ಕ. ಕೆಂಪು ಹೇಂಟೆಯೊಂದು ಸಿಗಲಿಲ್ಲ. ಅದು ಸುಮಾರು ದಿನದಿಂದಲೇ ಮರ ಹತ್ತುತ್ತಿರಲಿಲ್ಲ. ನರಿ ಹಿಡಿಯಿತೆಂದು ನಾದಿನಿ ಒಂದು ಹೊತ್ತು ಊಟ ಬಿಟ್ಟಿದ್ದಳು. ಅತ್ತೆ ಮಾತ್ರ, “ಎಲ್ಲೋ ಐತೆ, ಬರ್ತೈತೆ ಬಿಡು,” ಅಂದಿದ್ದರು. ಆ ಪಕ್ಷಿಯ ಬಗ್ಗೆ ಅತ್ತೆಯ ಬಾಯಲ್ಲಿ ಇಷ್ಟು ಸಮಾಧಾನದ ಮಾತು ಬಂತಲ್ಲ ಎಂದು ಆಗ ನನಗೆ ಆಶ್ಚರ್ಯವಾಗಿತ್ತು. ಅವತ್ತಿನ ಗಡಿಬಿಡಿಯಲ್ಲಿ ಅದೆಲ್ಲ ಮರೆತುಹೋಯಿತು.

ಕಾರು ಬಂತು. ಹುಡುಗ, ಅವನ ತಾಯಿ, ಅಜ್ಜಿ, ಮೂರೇ ಜನ. ಅಜ್ಜಿ ಸಣ್ಣಗೆ, ಗಟ್ಟಿಗೆ, ಹಣೆಯ ತುಂಬ ವಿಭೂತಿ. ನೋಡಿದರೆ ಕೈ ಮುಗಿಯುವ ಹಾಗಿದ್ದರು. “ಬರ್ರಿ, ಬರ್ರಿ, ಕುಂತ್ಕಳ್ರಿ,” ಎಂದು ನಮ್ಮ ಮನೆಯವರು ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಹುಡುಗ ಕುರ್ಚಿಗಳನ್ನು ಹಿರಿಯರಿಗೆ ಬಿಟ್ಟು ಮೂಲೆಯಲ್ಲಿದ್ದ ಅತ್ತೆಯ ಮಂಚದ ಮೇಲೆ ಕೂರಲು ಹೋದ. ಅತ್ತೆ ಬಾಣದ ಹಾಗೆ ಬಂದರು.

“ಅಲ್ಲಿ ಬ್ಯಾಡಪ್ಪ! ಕುರ್ಚಿ ಮ್ಯಾಲೆ ಕುಂತ್ಕ.”

“ಇರ್ಲಿ ಬಿಡ್ರಿ ಅಮ್ಮ, ಇಲ್ಲೇ ಆರಾಮಾಗೈತೆ,” ಎಂದು ಅವನು ಕೂತೇಬಿಟ್ಟ.

ಆ ಮಂಚದ ಕೆಳಗೆ ಅತ್ತೆಯ ಪೂಜೆಯ ಸಾಮಾನು ಇರುತ್ತದೆ. ದೀಪಕ್ಕೆ ಹೂಬತ್ತಿ ಮಾಡುವ ಹತ್ತಿಯ ಬುಟ್ಟಿ, ಎಣ್ಣೆ, ಊದುಬತ್ತಿ. ಅಲ್ಲಿಗೆ ಯಾರೂ ಕೈ ಹಾಕುವಂತಿಲ್ಲ. ಹಳೆಯ ಸೀರೆಯೊಂದನ್ನು ಮಂಚದಿಂದ ನೆಲದವರೆಗೆ ಇಳಿಬಿಟ್ಟಿರುತ್ತಾರೆ. ಮಡಿಯ ಚಿಂತೆಯಿಂದ ಅತ್ತೆ ಹಾಗೆ ಬೆವರುತ್ತಿದ್ದಾರೆ ಅಂದುಕೊಂಡೆ.

ನಾನು ಉಪ್ಪಿಟ್ಟಿನ ತಟ್ಟೆ ಕೊಡುತ್ತಿದ್ದೆ. ಬಣವೆಯ ಹಿಂದಿನಿಂದ, ಕಂಬಳಿಯೊಳಗಿಂದ, ಆದರೂ ಸ್ಪಷ್ಟವಾಗಿ, ಹುಂಜ ಕೂಗಿತು.

ಅತ್ತೆ ದೇವರ ಕೋಣೆಗೆ ಓಡಿ ಗಂಟೆ ಬಾರಿಸಿದರು.

ಎಲ್ಲರೂ ಕೈ ಮುಗಿದರು. ಅತ್ತೆ ಹೊರಗೆ ಬಂದು ಕೂತರು. ಹುಂಜ ಮತ್ತೆ ಕೂಗಿತು. ಅತ್ತೆ ಮತ್ತೆ ಒಳಗೆ ಓಡಿದರು, ಗಂಟೆ. ಎಲ್ಲರೂ ತಟ್ಟೆ ಕೆಳಗಿಟ್ಟು ಮತ್ತೆ ಕೈ ಮುಗಿದರು. ಮೂರನೆಯ ಸಲಕ್ಕೆ ಹುಂಜಕ್ಕೆ ಹುರುಪು ಬಂದಿತ್ತು. ಗಂಟೆ ನಿಂತ ಕೂಡಲೇ ಕೂಗುತ್ತಿತ್ತು, ಕೂಗಿದ ಕೂಡಲೇ ಅತ್ತೆ ಗಂಟೆ ಬಾರಿಸುತ್ತಿದ್ದರು. ಹುಡುಗನ ಕೈಯಲ್ಲಿ ಉಪ್ಪಿಟ್ಟು ಬಾಯಿಗೂ ತಟ್ಟೆಗೂ ನಡುವೆ ನಿಂತಿತ್ತು.

“ಎಷ್ಟ್ ಸಲ ಪೂಜೆ ಮಾಡ್ತೀರವ್ವ?” ಎಂದರು ಅಜ್ಜಿ.

“ಇವತ್ತು ಸೋಮವಾರ,” ಅಂದರು ಅತ್ತೆ ಏದುಸಿರು ಬಿಡುತ್ತ.

ನನಗೆ ನಗು ಅಲ್ಲಿ ಶುರುವಾಯಿತು. ಅಡುಗೆಮನೆಗೆ ಓಡಿ ಸೆರಗನ್ನು ಬಾಯಿಗೆ ತುರುಕಿಕೊಂಡೆ. ನಾದಿನಿ ಹೊಸ ಸೀರೆ ಉಟ್ಟು ಕಾಫಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತಿದ್ದಳು. “ನಗಬ್ಯಾಡ್ರಿ ಅತ್ತಿಗೆ, ನನ್ನಾಣೆ,” ಎಂದು ಅವಳು ಅಳುವ ಹಾಗೆ ಅಂದಳು, ಆದರೆ ಲೋಟಗಳು ಕಿಣಿಕಿಣಿ ಅನ್ನುತ್ತಿದ್ದವು. ಅಡುಗೆಮನೆಯ ಕಿಟಕಿಯಿಂದ ಬಣವೆ ಕಾಣುತ್ತದೆ. ನಮ್ಮ ಕರಿ ಆಡು ಬಣವೆಯ ಕಡೆಗೆ ನಡೆದು ಬರುವುದು ಕಂಡಿತು. ಎತ್ತರದ ವಸ್ತು ಏನು ಕಂಡರೂ ಅದರ ಮೇಲೆ ಹತ್ತಿ ನಿಲ್ಲುವುದು ಅದರ ಹುಟ್ಟುಗುಣ. ಅದು ಮಂಕರಿಯನ್ನು ನೋಡಿತು. ನಾನು ಕಿಟಕಿಯಿಂದ ಕೈ ಬೀಸಿದೆ. ಅದು ನನ್ನನ್ನೂ ಒಮ್ಮೆ ನೋಡಿ ಮಂಕರಿಯ ಮೇಲೆ ಹಾರಿತು. ಮಂಕರಿ ಉರುಳಿತು, ಆಡು ಉರುಳಿ ಪಕ್ಕದ ಮಂಕರಿಗೆ ಬಡಿಯಿತು, ಅದೂ ಉರುಳಿತು.

ಬೆಳಗಿನಿಂದ ಕಾಳು ಕಾಣದ ಕೋಳಿಗಳು ನೇರವಾಗಿ ಜನರ ದನಿ ಕೇಳಿದ ಕಡೆಗೆ, ಅಂದರೆ ಪಡಸಾಲೆಗೆ, ನುಗ್ಗಿದವು. ನಾನು ಓಡಿ ಬರುವುದರೊಳಗೆ ಒಂದು ಹೇಂಟೆ ಹುಡುಗನ ತಾಯಿಯ ಕುರ್ಚಿಯ ಕೆಳಗೆ ಬಿದ್ದ ಉಪ್ಪಿಟ್ಟು ಹೆಕ್ಕುತ್ತಿತ್ತು. ಹುಂಜ ಹೊಸ್ತಿಲ ಮೇಲೆ ನಿಂತಿತ್ತು. ನಮ್ಮ ಮನೆಯವರು ಎದ್ದು ಟವೆಲ್ ಬೀಸಿ, ಬೆವರೊರೆಸಿಕೊಂಡು, ಜೀವನದಲ್ಲೇ ಮೊದಲ ಸಲ ಸುಳ್ಳು ಹೇಳಿದರು.

“ಕಾಡುಕೋಳಿ. ಗುಡ್ಡದಿಂದ ಬರ್ತವೆ.”

ಕಾಡುಕೋಳಿಯು ಹಾರಿ ಅವರ ಖಾಲಿ ಕುರ್ಚಿಯ ಮೇಲೆ ಕೂತು, ಎದೆಯುಬ್ಬಿಸಿ, ಮನೆ ಅದುರುವ ಹಾಗೆ ಕೂಗಿತು. ಒಳಗಿನಿಂದ ಗಂಟೆಯ ಸದ್ದು ಬಂತು.

ನಾನು ಕಂಬಕ್ಕೆ ಹಣೆ ಒತ್ತಿ ನಿಂತೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಗ ನಾದಿನಿ ಹೊರಗೆ ಬಂದಳು. ಕಾಫಿ ತಟ್ಟೆಯನ್ನು ನೆಲದ ಮೇಲಿಟ್ಟಳು. ತಲೆ ತಗ್ಗಿಸಿ ನಿಲ್ಲಬೇಕಾದ ಹುಡುಗಿ ಅಜ್ಜಿಯ ಮುಖವನ್ನು ನೇರವಾಗಿ ನೋಡಿದಳು.

“ಕಾಡುಕೋಳಿ ಅಲ್ಲಜ್ಜಿ. ನನ್ನವು. ಹಸುಗೆ ಉಣ್ಣಿ ಹತ್ತಿತ್ತಂತ ನಾನೇ ತಂದಿದ್ದು. ಅವ್ವಂದು, ಅಣ್ಣಂದು ಏನೂ ತಪ್ಪಿಲ್ಲ. ಎಲ್ಲಾನೂ ಬಿಟ್ಟೇ ಸಾಕ್ತೀನಿ. ಹೋದ ಮನ್ಯಾಗೂ ಹಂಗೇ ಸಾಕ್ಬೇಕಂತ ನನ್ನಾಸೆ.”

ನನ್ನ ನಗು ನಿಂತುಹೋಯಿತು. ಗಂಟೆಯ ಸದ್ದೂ ನಿಂತಿತು. ದೇವರ ಕೋಣೆಯ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಗಂಟೆ ಹಿಡಿದುಕೊಂಡೇ, ಬೆಳ್ಳಗಾಗಿ ನಿಂತಿದ್ದರು. ನನಗೆ ಆ ಹುಡುಗಿಯ ಮೇಲೆ ಹೆಮ್ಮೆ ಉಕ್ಕಿತು, ಹೋಯಿತಲ್ಲ ಈ ಸಂಬಂಧ ಎಂದು ಸಂಕಟವೂ ಆಯಿತು. ಹುಡುಗ ಏನೋ ಹೇಳಲೆಂದು ಎದ್ದೇಳಲು ಕಾಲು ಹಿಂದಕ್ಕೆಳೆದುಕೊಂಡ. ಇಳಿಬಿಟ್ಟ ಸೀರೆಯ ಮರೆಯಿಂದ ಏನೋ ಬಂದು ಅವನ ಹಿಮ್ಮಡಿಗೆ ಫಟ್ಟನೆ ಕುಕ್ಕಿತು.

“ಅಯ್ಯಪ್ಪಾ!” ಎಂದು ಅವನು ಮಂಚದ ಮೇಲೆ ಎರಡೂ ಕಾಲೆತ್ತಿಕೊಂಡ.

ಅಜ್ಜಿ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು ಸೀರೆ ಸರಿಸಿ ನೋಡಿದರು. ಹತ್ತಿ ಬುಟ್ಟಿಯಲ್ಲಿ, ಹೂಬತ್ತಿಗಳ ನಡುವೆ, ಪುಕ್ಕ ಉಬ್ಬಿಸಿಕೊಂಡು ನಮ್ಮ ಕೆಂಪು ಹೇಂಟೆ ಕೂತಿತ್ತು. ಅಜ್ಜಿ ಅದು ಕುಕ್ಕದ ಹಾಗೆ ಹಿಂದಿನಿಂದ ಕೈ ಹಾಕಿ, ಹೊಟ್ಟೆಯ ಕೆಳಗೆ ತಡವಿ, ಹಾಗೇ ಬಿಟ್ಟರು. ಎಷ್ಟೋ ವರ್ಷ ಅದೇ ಕೆಲಸ ಮಾಡಿದ ಕೈ ಅದು.

“ಕಾವಿಗೆ ಕುಂತೈತೆ ಕಣ್ರೆ! ಏಳಲೇ ಮ್ಯಾಲಿಂದ, ಮಂಚ ಅಲ್ಲಾಡಿಸಬ್ಯಾಡ,” ಎಂದು ಮೊಮ್ಮಗನಿಗೆ ಗದರಿದರು.

“ಅತ್ತೆ, ಸುಮ್ಕಿರ್ರಿ,” ಎಂದು ಹುಡುಗನ ತಾಯಿ ಹಲ್ಲು ಕಚ್ಚಿ ಪಿಸುಗುಟ್ಟಿದರು.

“ನಾನ್ಯಾಕ್ ಸುಮ್ಕಿರ್ಲಿ? ಇವರ ಕೋಳಿ ನಮ್ಮ ಕೋಳಿಗಿಂತ ಮೈಕೈ ತುಂಬ್ಕಂಡವೆ!”

ಒಂದು ಕ್ಷಣ ಎಲ್ಲರೂ ಎಲ್ಲರ ಮುಖ ನೋಡಿದರು. ಹುಡುಗನ ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರ ಹೆಗಲು ಕುಣಿಯುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ಹೆಣ್ಣಿನವರು ಮೊದಲು ತಮ್ಮ ತೋಟಕ್ಕೆ ಬಂದುಬಿಟ್ಟರೆ ಕೋಳಿಗಳನ್ನು ಎಲ್ಲಿ ಬಚ್ಚಿಡುವುದು ಎಂದು ಅವರೂ ಹೆದರಿದ್ದರಂತೆ. ಅದಕ್ಕೇ ಅಜ್ಜಿಯ ಹಟಕ್ಕೆ ಸೊಪ್ಪು ಹಾಕಿ ತಾವೇ ಮೊದಲು ಓಡಿ ಬಂದಿದ್ದರು. ಅಜ್ಜಿಯೇ ಕೋಳಿ ಸಾಕುತ್ತಿದ್ದುದಂತೆ. ಬಾಯಿ ಬಿಡಬೇಡಿ ಎಂದು ದಾರಿಯುದ್ದಕ್ಕೂ ಸೊಸೆ ಅವರಿಗೆ ಹೇಳಿಕೊಂಡು ಬಂದಿದ್ದರಂತೆ.

ಆಮೇಲೆ ನಾನು ನಕ್ಕಿದ್ದನ್ನು ಯಾರೂ ತಪ್ಪು ತಿಳಿಯಲಿಲ್ಲ. ಪಡಸಾಲೆಯಲ್ಲಿದ್ದವರೆಲ್ಲ ನಗುತ್ತಿದ್ದರು. ನಮ್ಮ ಮನೆಯವರು ಕಾಡುಕೋಳಿಯನ್ನು ಕುರ್ಚಿಯಿಂದ ಇಳಿಸಲು ಹೋಗಿ ತಾವೇ ಕುಸಿದು ಕೂತು ನಕ್ಕರು. ಹುಡುಗ, ಹುಡುಗಿ ಮಾತಾಡಿಕೊಳ್ಳಲಿ ಎಂದು ಹೊಲಕ್ಕೆ ಕಳಿಸಿದೆವು. ನಾನು ಮಂಕರಿ ಎತ್ತಿಡುವ ನೆಪದಲ್ಲಿ ಬಣವೆಯ ಹಿಂದೆ ನಿಂತು ಕಿವಿಗೊಟ್ಟೆ. ನಾದಿನಿ ಕೇಳಿದ ಮೊದಲ ಪ್ರಶ್ನೆ, “ಕರು ಹೆಂಗೈತೆ?” ಅವನು ಉದ್ದಕ್ಕೆ ಹೇಳತೊಡಗಿದ. ಕರುವಿನಿಂದ ಗೆದ್ದಲಿನ ಮಡಕೆಗೆ ಹೋದರು, ಅಲ್ಲಿಂದ ಬೇಲಿಗೆ, ಅಲ್ಲಿಂದ ಆಡಿಗೆ. ಕಾಫಿ ಆರಿ, ಮತ್ತೆ ಬಿಸಿ ಮಾಡಿ, ಮತ್ತೆ ಆರಿತು.

ಅವರು ಹೋದ ಮೇಲೆ ನಾನು ಮಂಚದ ಕೆಳಗೆ ಬಗ್ಗಿ ನೋಡಿದೆ. ಬುಟ್ಟಿಯ ಪಕ್ಕದಲ್ಲಿ ಒಂದು ಬಟ್ಟಲಲ್ಲಿ ರಾಗಿ, ಇನ್ನೊಂದರಲ್ಲಿ ನೀರು. ನೀರು ಅವತ್ತಿನದೇ.

“ಅತ್ತೆ, ಇದೇನ್ರಿ?” ಅಂದೆ.

ಅತ್ತೆ ಬೇರೆ ಕಡೆ ನೋಡುತ್ತ ಹತ್ತಿ ಹೊಸೆಯತೊಡಗಿದರು. “ತಾನಾಗೇ ಬಂದು ಕುಂತಿತ್ತು. ಬಾಣಂತಿ ಇದ್ದಂಗಲ್ಲೇನೇ ಅದು? ಹೊರಗೆ ಹಾಕಾಕೆ ಮನಸಾಗ್ಲಿಲ್ಲ.” ಆಮೇಲೆ ಮೆಲ್ಲಗೆ ಸೇರಿಸಿದರು, “ಅವಳಿಗೆ ಹೇಳಬ್ಯಾಡ.”

ನಾನು ಹೇಳದೆ ಬಿಡುತ್ತೇನೆಯೇ? ಅವತ್ತು ಸಂಜೆಯೇ ಹೇಳಿದೆ. ಇಬ್ಬರೂ ಕೊಟ್ಟಿಗೆಯಲ್ಲಿ ಹಸುವಿನ ಕೊರಳಿಗೆ ಜೋತುಬಿದ್ದು ಕುಣಿದೆವು. ಹಸು ಆ ಹೊತ್ತು ಹಾಲು ಬಿಡಲಿಲ್ಲ.

ಮರಿಗಳಾದವು. ಹತ್ತಿಯ ಬುಟ್ಟಿಯಿಂದ ಇಳಿದು, ಅತ್ತೆಯ ಕಾಲ ಸುತ್ತ ಚಿಲಿಪಿಲಿ ಎಂದು ತಿರುಗಿದವು. ಬೇವಿನ ಮರದ ಗಡಿ ಹೇಗೆ ಅಳಿಸಿಹೋಯಿತೋ ಯಾರಿಗೂ ತಿಳಿಯಲಿಲ್ಲ. ಮರಿಗಳು ತಾಯಿಯನ್ನು ಬಿಟ್ಟು ಬೇರೆ ಮೇಯುವಷ್ಟು ಬೆಳೆದಾಗ ಮದುವೆಯೂ ಆಯಿತು. ಊರಿನ ಗುಡಿಯ ಮುಂದೆ ಚಪ್ಪರ, ನಮ್ಮದೇ ಹೊಲದ ಅವರೆಕಾಳಿನ ಸಾರು. ಕುಣಿಯಲು ಬಾರದ ನಾನೂ ಕುಣಿದೆ.

ಹೆಣ್ಣು ಕಳಿಸುವ ಹೊತ್ತಿಗೆ ಎಲ್ಲರ ಕಾಲೂ ನೆಲಕ್ಕೆ ಬಂದವು. ಅತ್ತೆ ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದರು. ಆಮೇಲೆ, “ಇರು, ಬಂದೆ,” ಎಂದು ಹಿತ್ತಿಲಿಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಆ ಹತ್ತಿ ಬುಟ್ಟಿಯಿತ್ತು. ಮೇಲೆ ಮಂಚಕ್ಕೆ ಇಳಿಬಿಡುತ್ತಿದ್ದ ಹಳೆಯ ಸೀರೆಯನ್ನು ಬಿಗಿದು ಕಟ್ಟಿದ್ದರು. ಸೀರೆಯ ಸಂದಿನಿಂದ ಕೆಂಪು ಹೇಂಟೆಯ ತಲೆ ಹೊರಗೆ ಇಣುಕಿತ್ತು. ಅತ್ತೆಯ ಮುಂಗೈ ಮೇಲೆ ಹೊಸದಾಗಿ ಕುಕ್ಕಿದ ಗಾಯಗಳು. ತಾವೇ ಹಿಡಿದಿದ್ದರು.

“ತಗ,” ಅಂದರು. “ಕೋಳಿ.”

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಹೋದ ತಕ್ಷಣ ಬಿಡಬ್ಯಾಡ. ನಾಕು ದಿನ ಮುಚ್ಚಿಡು. ಅಲ್ಲೇ ಕಾಳು ಹಾಕು, ಅಲ್ಲೇ ನೀರಿಡು. ಗಾಬರಿ ಬಿದ್ದಿರ್ತೈತೆ, ಮೈಮ್ಯಾಲೆ ಕೈ ಆಡಿಸ್ತಿರು. ಮನೆ ಗುರ್ತು ಆಗ್ಲಿ. ಆಮ್ಯಾಲೆ ಬಿಡು. ಆಮ್ಯಾಲೆ ಅದು ಈ ಕಡೆ ತಿರುಗೂ ನೋಡಲ್ಲ.”

ಕೊನೆಯ ಮಾತಿಗೆ ದನಿ ಒಡೆಯಿತು. ನಾದಿನಿ ಬುಟ್ಟಿಯನ್ನು ಎದೆಗೊತ್ತಿಕೊಂಡು ಅತ್ತಳು. ಕೋಳಿಯೂ ಗದ್ದಲ ಮಾಡಿತು. ಹೊಸದುರ್ಗದ ಅಜ್ಜಿ ಕಾರಿನ ಕಿಟಕಿಯಿಂದ ತಲೆ ಹಾಕಿ, “ಬಾರೇ ತಾಯಿ, ಇಬ್ರಿಗೂ ಜಾಗ ಐತೆ, ಬಾ,” ಅಂದರು.

ಕಾರು ಹೋಯಿತು. ಸಂಜೆ ಹುಂಜ, ಹೇಂಟೆಗಳು, ಬೆಳೆದ ಮರಿಗಳು ಒಂದೊಂದಾಗಿ ಬೇವಿನ ಮರ ಹತ್ತಿದವು. ಆಡು ಹೊರಗೆ ಹೋಗದಂತೆ ಕತ್ತಲಾಗುವ ಮೊದಲು ಗೇಟು ಹಾಕುವುದು ನನ್ನ ಕೆಲಸ. ಹೋದೆ. ಅತ್ತೆ ಗೇಟಿನ ಹತ್ತಿರ ನಿಂತು ರಸ್ತೆ ನೋಡುತ್ತಿದ್ದರು.

ಮೊದಲು ತಂದ ದಿನ ಕೋಳಿಗಳು ಸಾಲಾಗಿ ಬದು ಹತ್ತಿ ಹಳೆಯ ಮನೆಗೆ ಹೊರಟದ್ದು ನನಗೆ ನೆನಪಾಯಿತು. ಅವರಿಗೂ ಅದೇ ನೆನಪಾಗಿತ್ತೇನೋ.

“ಹೊಸದುರ್ಗದಿಂದ ನಡ್ಕಂಡ್ ಬರಲ್ಲ ಬಿಡ್ರಿ ಅತ್ತೆ,” ಅಂದೆ.

“ಗೊತ್ತೈತೆ,” ಅಂದರು. ರಸ್ತೆಯಿಂದ ಕಣ್ಣು ತೆಗೆಯದೆ, “ಆದ್ರೂ ಇವತ್ತೊಂದಿನ ಗೇಟು ಹಾಕ್ಬ್ಯಾಡ,” ಅಂದರು.

ನನಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡು, ಹಾಕಿದ್ದ ಅರ್ಧ ಗೇಟನ್ನೂ ಪೂರ್ತಿ ತೆರೆದಿಟ್ಟೆ. ಬೆಳಗಾಗುವುದರೊಳಗೆ ಕರಿ ಆಡು ತನ್ನ ಬಳಗವನ್ನೆಲ್ಲ ಕರೆದುಕೊಂಡು ಹೋಗಿ ಪಕ್ಕದ ಹೊಲದ ತೊಗರಿ ಮೇಯ್ದಿತ್ತು. ಆ ಹೊಲದವರು ಬಂದು ಬಾಯಿಗೆ ಬಂದಂತೆ ಬೈದರು. ಅತ್ತೆ ಹೂಬತ್ತಿ ಹೊಸೆಯುತ್ತ ಕೂತು, ಎಲ್ಲವನ್ನೂ ಕೇಳಿಸಿಕೊಂಡರು.